ಓಪಿಯಾಯ್ಡ್ ಚಿಕಿತ್ಸೆಯಲ್ಲಿರುವವರು ತಮ್ಮ ಕಥೆ ಹೇಳಬೇಕೆಂದಾಗ: ಜೊತೆಗಿರುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹೆರಾಯಿನ್, ಬ್ರೌನ್ ಶುಗರ್, ಇಲ್ಲವೇ ಟ್ರಮಡಾಲ್, ಟಪೆಂಟಡಾಲ್‌ನಂಥ ನೋವಿನ ಮಾತ್ರೆ. ಇವೆಲ್ಲ ಓಪಿಯಾಯ್ಡ್ ಅನ್ನುವ ಗುಂಪಿನವು. ಇಂಥದ್ದರ ಹಿಡಿತದಿಂದ ಹೊರಗೆ ಬರುತ್ತಿರುವ ಒಬ್ಬರು ನಿಮ್ಮ ಹತ್ತಿರ ಬಂದು "ನನ್ನ ಕಥೆ ನಾಲ್ಕು ಜನಕ್ಕೆ ಹೇಳಬೇಕು ಅನಿಸುತ್ತಿದೆ" ಅನ್ನುತ್ತಾರೆ. ನೀವು ಕೌನ್ಸೆಲರ್ ಇರಬಹುದು, ನರ್ಸ್ ಇರಬಹುದು, ಅಕ್ಕನೋ ಗೆಳೆಯನೋ ಇರಬಹುದು, ಇದೇ ದಾರಿಯಲ್ಲಿ ಬಂದು ಈಗ ಬೇರೆಯವರ ಕೈ ಹಿಡಿದಿರುವವರೂ ಇರಬಹುದು. ಇಂಥ ಹೊತ್ತಲ್ಲಿ ಖುಷಿಯಿಂದ ಕೂಡಲೇ ಮೈಕ್ ಕೈಗೆ ಕೊಟ್ಟುಬಿಡುವವರೇ ಜಾಸ್ತಿ. ಸ್ವಲ್ಪ ತಡೆಯಿರಿ. ಕಥೆ ಅವರದು. ಯಾರಿಗೆ, ಎಷ್ಟು, ಯಾವಾಗ ಅನ್ನುವುದನ್ನು ಅವರೇ ನಿರ್ಧರಿಸಬೇಕು, "ಬೇಡ, ಹೇಳಲ್ಲ" ಅನ್ನುವುದೂ ಸೇರಿ. ಆ ನಿರ್ಧಾರವನ್ನು ಕಣ್ಣು ತೆರೆದು ಮಾಡಲು ನೆರವಾಗುವುದಷ್ಟೇ ನಮ್ಮ ಕೆಲಸ.

ಚಟ ಬಿಟ್ಟವರು ವೇದಿಕೆ ಹತ್ತಿ ಮಾತಾಡುವುದು ಕರ್ನಾಟಕಕ್ಕೆ ಹೊಸದೇನಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು, ಅದಾದ ಮೇಲಿನ ನವಜೀವನ ಸಮಿತಿಗಳು ನಮಗೆಲ್ಲ ಗೊತ್ತು. ಊರವರ ಎದುರು, ಮನೆಯವರ ಎದುರು "ನಾನು ಕುಡಿಯುತ್ತಿದ್ದೆ, ಈಗ ಬಿಟ್ಟಿದ್ದೇನೆ" ಅಂತ ಹೇಳುವುದು ಎಷ್ಟೋ ಜನರಿಗೆ ಬಲ ಕೊಟ್ಟಿದೆ. ಆದರೆ ಅದೇ ಅಚ್ಚನ್ನು ಓಪಿಯಾಯ್ಡ್‌ಗೆ ತಂದು ಒತ್ತಿದರೆ ಆಗುವುದಿಲ್ಲ. ಹೆಂಡ ಅಂಗಡಿಯಲ್ಲಿ ಸಿಗುತ್ತದೆ, ಹೆರಾಯಿನ್ ಸೇದುವುದು ಕಾನೂನಿನ ಪ್ರಕಾರ ಅಪರಾಧ. ಕುಡಿತ ಬಿಟ್ಟವರು "ಪೂರ್ತಿ ಬಿಟ್ಟೆ" ಅನ್ನುತ್ತಾರೆ, ಓಪಿಯಾಯ್ಡ್ ಚಿಕಿತ್ಸೆಯಲ್ಲಿರುವವರು ಇವತ್ತು ಬೆಳಿಗ್ಗೆಯೂ ಒಂದು ಮಾತ್ರೆ ತೆಗೆದುಕೊಂಡೇ ಬಂದಿರುತ್ತಾರೆ. ಜೊತೆಗೆ ಇವರಲ್ಲಿ ತುಂಬಾ ಜನ ಇನ್ನೂ ಹುಡುಗರು. ಕೆಲಸ, ಮದುವೆ, ಬಾಡಿಗೆ ಮನೆ ಎಲ್ಲ ಮುಂದೆ ಇದೆ.

ಮೊದಲು ಮಾತ್ರೆಯ ವಿಷಯ ನಿಮಗೆ ಗೊತ್ತಿರಲಿ

ಇದು ಗೊತ್ತಿಲ್ಲದೆ ಕಥೆಗೆ ಕೈ ಹಾಕಬೇಡಿ. ಈ ಚಿಕಿತ್ಸೆಯಲ್ಲಿ ಕೊಡುವ ಬ್ಯುಪ್ರಿನಾರ್ಫಿನ್ ಕೂಡ ಓಪಿಯಾಯ್ಡ್ ಗುಂಪಿನ ಔಷಧವೇ, ಆದರೆ ಅದರ ಪರಿಣಾಮ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸರಿಯಾದ ಡೋಸ್‌ನಲ್ಲಿ ಮೈ ನಡುಕ, ಭೇದಿ, ನಿದ್ದೆ ಬಾರದ ರಾತ್ರಿ, ಅಂದರೆ ಬಳಸುವವರು 'ಟರ್ಕಿ' ಅನ್ನುವ ಆ ಸ್ಥಿತಿ ಬಾರದ ಹಾಗೆ ತಡೆಯುತ್ತದೆ, ಸೆಳೆತವನ್ನೂ ತಗ್ಗಿಸುತ್ತದೆ. ಯಾರಾದರೂ ಕರಗಿಸಿ ಚುಚ್ಚಿಕೊಳ್ಳಬಾರದು ಅಂತ ಇದರ ಜೊತೆ, ಓಪಿಯಾಯ್ಡ್‌ನ ಪರಿಣಾಮ ತಡೆಯುವ ನಲಾಕ್ಸೋನ್ ಸೇರಿಸಿದ ಮಾತ್ರೆಯೂ ಬರುತ್ತದೆ. ಇದೇ ಚಿಕಿತ್ಸೆಗೆ ಮೆಥಡೋನ್ ಇನ್ನೊಂದು ಔಷಧ. ಇವೆರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ.

ಓಎಸ್‌ಟಿ ಕೇಂದ್ರದಲ್ಲಿ, ಅಂದರೆ ಓಪಿಯಾಯ್ಡ್‌ಗೆ ಬದಲಿ ಔಷಧ ಕೊಡುವ ಜಾಗದಲ್ಲಿ, ಬೆಳಿಗ್ಗೆ ಒಮ್ಮೆ ಕೂತು ನೋಡಿ. ನರ್ಸ್ ಮಾತ್ರೆ ಪುಡಿ ಮಾಡಿ ನಾಲಿಗೆಯ ಕೆಳಗೆ ಹಾಕುತ್ತಾರೆ. ಆಮೇಲೆ ಗೋಡೆಗೆ ಒರಗಿ ಬಾಯಿ ಮುಚ್ಚಿಕೊಂಡು ಕೂರಬೇಕು, ಉಗುಳು ನುಂಗುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಪಕ್ಕದವರು ಏನಾದರೂ ಕೇಳಿದರೆ ಹುಬ್ಬಿನಲ್ಲೇ ಉತ್ತರ. ಕೆಲವು ನಿಮಿಷ ಬಿಟ್ಟು ಬಾಯಿ ತೆರೆದು ಕರಗಿದೆಯಾ ಅಂತ ತೋರಿಸಿ, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಾರೆ. ನನ್ನ ಪ್ರಕಾರ ಚೇತರಿಕೆ ನಿಜವಾಗಿ ಕಾಣುವುದು ಇಲ್ಲಿ. ಆದರೆ ವೇದಿಕೆ ಮೇಲೆ ಹೇಳುವ ಕಥೆಯಲ್ಲಿ ಈ ಭಾಗವನ್ನೇ ಎಲ್ಲರೂ ನುಂಗಿಬಿಡುತ್ತಾರೆ, ಯಾಕೆಂದರೆ "ಒಂದು ಚಟ ಬಿಟ್ಟು ಇನ್ನೊಂದು ಚಟ ಹಿಡಿದಿದ್ದಾನೆ" ಅನ್ನುವ ಮಾತಿಗೆ ಹೆದರಿಕೆ.

ಆ ಮಾತಿಗೆ ಉತ್ತರ ಇದೆ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಒಂದು ವಿಶ್ಲೇಷಣೆ ಬಂತು. ಬ್ಯುಪ್ರಿನಾರ್ಫಿನ್ ಚಿಕಿತ್ಸೆಯಲ್ಲಿ ಇರುವಾಗಿನ ಸಾವಿನ ಪ್ರಮಾಣ, ಚಿಕಿತ್ಸೆಯಿಂದ ಹೊರಗಿರುವಾಗಿನ ಪ್ರಮಾಣದ ಅರ್ಧಕ್ಕಿಂತ ಕಡಿಮೆ ಇತ್ತು. ಮೆಥಡೋನ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಮಾತ್ರೆ ಮುಚ್ಚಿಟ್ಟು ಕಥೆ ಹೇಳಿದರೆ ಕೇಳುವವರ ಮನಸ್ಸಲ್ಲಿ ಉಳಿಯುವುದು ಒಂದೇ: ಮನಸ್ಸು ಗಟ್ಟಿ ಮಾಡಿದರೆ ಸಾಕು, ಬಿಡಬಹುದು. ಅದನ್ನು ನಂಬಿ ಯಾರೋ ಒಬ್ಬರು ಚಿಕಿತ್ಸೆ ಅರ್ಧಕ್ಕೆ ನಿಲ್ಲಿಸಿ, ನಾಲ್ಕು ತಿಂಗಳ ಮೇಲೆ ಒಂದು ದಿನ ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಅಷ್ಟರಲ್ಲಿ ದೇಹ ಆ ಅಳತೆಯನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ.

ಹಂತ 1: ಯಾಕೆ ಹೇಳಬೇಕು ಅನಿಸುತ್ತಿದೆ, ಕೇಳಿ

ಸುಮ್ನೆ ಕೇಳಿ, ಪರೀಕ್ಷೆ ಮಾಡುವ ಹಾಗಲ್ಲ. "ಅಮ್ಮನಿಗೆ ಇನ್ನೂ ಸುಳ್ಳು ಹೇಳಿ ಸಾಕಾಗಿದೆ" ಅಂದರೆ ಅದು ಒಂದು ಬಗೆ. ಅದಕ್ಕೆ ಅಮ್ಮನ ಜೊತೆ ಒಂದು ಸಂಜೆ ಕೂತರೆ ಆಯಿತು, ವೇದಿಕೆ ಯಾಕೆ? "ನನ್ನ ಜೊತೆ ಸೇದುತ್ತಿದ್ದ ಹುಡುಗರು ಇನ್ನೂ ಅಲ್ಲೇ ಇದ್ದಾರೆ, ಅವರಿಗೆ ಈ ಜಾಗ ತೋರಿಸಬೇಕು" ಅಂದರೆ ಅದು ಬೇರೆ. ಇನ್ನು "ಮೇಡಂ ಹೇಳಿದರು, ಕಾರ್ಯಕ್ರಮ ಇದೆಯಂತೆ" ಅಂದರೆ ಅಲ್ಲಿಗೇ ನಿಲ್ಲಿಸಿ. ಮಾತ್ರೆ ಕೊಡುವವರೇ ಕೇಳಿದಾಗ ಇಲ್ಲ ಅನ್ನುವುದು ರೋಗಿಗೆ ಕಷ್ಟ. ನಾಳೆ ಮತ್ತೆ ಅದೇ ಕಿಟಕಿಯ ಮುಂದೆ ನಿಲ್ಲಬೇಕಲ್ಲ. ಹಾಗಾಗಿ ನೀವು ಚಿಕಿತ್ಸೆ ಕೊಡುವ ಜಾಗದವರಾದರೆ ಮೊದಲೇ ಬಾಯಿಬಿಟ್ಟು ಹೇಳಿ: ಮಾತಾಡಿದರೂ ಮಾತಾಡದಿದ್ದರೂ ನಿಮ್ಮ ಚಿಕಿತ್ಸೆಗೆ ಏನೂ ವ್ಯತ್ಯಾಸ ಆಗುವುದಿಲ್ಲ.

ಯಾವಾಗ ಅನ್ನುವುದೂ ಮುಖ್ಯ. ಚಿಕಿತ್ಸೆಯ ಮೊದಲ ವಾರಗಳಲ್ಲಿ ಡೋಸ್ ಇನ್ನೂ ಕೂರುತ್ತಿರುತ್ತದೆ, ಮನಸ್ಸು ಒಂದು ದಿನ ಆಕಾಶದಲ್ಲಿ, ಇನ್ನೊಂದು ದಿನ ಪಾತಾಳದಲ್ಲಿ. ಆ ಹುಮ್ಮಸ್ಸಲ್ಲಿ ಫೇಸ್‌ಬುಕ್‌ನಲ್ಲಿ ಉದ್ದಕ್ಕೆ ಬರೆದುಬಿಡಬೇಕು ಅನಿಸುವುದು ಸಹಜ. "ಬರೆಯಿರಿ, ಆದರೆ ಫೋನ್‌ನಲ್ಲೇ ಇಟ್ಟುಕೊಳ್ಳಿ" ಅನ್ನಿ. ನಿದ್ದೆ, ಊಟ, ಕೆಲಸ ಒಂದು ಲಯಕ್ಕೆ ಬಂದ ಮೇಲೆ ಇಬ್ಬರೂ ಕೂತು ಅದನ್ನೇ ಮತ್ತೆ ಓದಿ. ಎಷ್ಟು ತಿಂಗಳು ಕಾಯಬೇಕು ಅನ್ನುವುದಕ್ಕೆ ಲೆಕ್ಕ ಇಲ್ಲ. ಕಷ್ಟದ ಪ್ರಶ್ನೆ ಬಂದಾಗ ಮೈ ಬೆವರದೆ ಉತ್ತರ ಕೊಡುವಷ್ಟು ನೆಲೆ ಸಿಕ್ಕಿದೆಯಾ, ಅದನ್ನು ನೋಡಿ.

ಹಂತ 2: ಯಾರಿಗೆಲ್ಲ ಅಂತ ಕಾಗದದ ಮೇಲೆ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ ಎಲ್ಲವನ್ನೂ ಹೇಳಬಹುದು, ಯಾರಿಗೆ ಅರ್ಧ, ಯಾರಿಗೆ "ಆರೋಗ್ಯ ಸರಿ ಇರಲಿಲ್ಲ, ಚಿಕಿತ್ಸೆ ನಡೀತಿದೆ" ಅಂದರೆ ಸಾಕು, ಯಾರಿಗೆ ಏನೂ ಬೇಡ ಅಂತ ಹೆಸರು ಬರೆಸಿ. ಮನೆ ಓನರ್, ಮೇಸ್ತ್ರಿ, ಮ್ಯಾನೇಜರ್ ಎಲ್ಲಿ ಬರುತ್ತಾರೆ? ಹೆಂಡತಿಯ ತವರಿನವರು? ಇದನ್ನು ಅವರೇ ಬರೆಯಬೇಕು, ನೀವು ಪೆನ್ನು ಮುಟ್ಟಬೇಡಿ. ಬರೆಯುತ್ತಾ ಕೈ ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಒಮ್ಮೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಹೇಳದೆ ಇದ್ದದ್ದನ್ನು ನಾಳೆಯೂ ಹೇಳಬಹುದು. ಹಾಗಾಗಿ ಚಿಕ್ಕ ವಲಯದಿಂದ ಶುರು ಮಾಡಿ: ಮೊದಲು ಒಬ್ಬರು, ಆಮೇಲೆ ಚಿಕಿತ್ಸೆಯಲ್ಲಿರುವವರದೇ ಗುಂಪು, ಹೊರಗಿನವರು ಕೊನೆಗೆ.

ಹೆಂಗಸರ ಲೆಕ್ಕ ಇಲ್ಲಿ ಬೇರೆಯೇ. ಗಂಡಸು ಬಿಟ್ಟು ಬಂದರೆ "ದಾರಿಗೆ ಬಂದ" ಅನ್ನುವ ಊರು, ಹೆಂಗಸು ಬಿಟ್ಟು ಬಂದರೂ "ಆಗ ಎಲ್ಲಿದ್ದಳು, ಯಾರ ಜೊತೆ ಇದ್ದಳು" ಅಂತಲೇ ಕೇಳುತ್ತದೆ. ವಿಚ್ಛೇದನದ ಕೇಸಲ್ಲೋ ಮಗು ಯಾರ ಬಳಿ ಇರಬೇಕು ಅನ್ನುವ ಜಗಳದಲ್ಲೋ ಅದೇ ಮಾತು ಅಸ್ತ್ರವಾಗಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮೊದಲು ಅವರ ಸುರಕ್ಷತೆ ನೋಡಿ, ಕಥೆಯ ಮಾತು ಸದ್ಯಕ್ಕೆ ಬೇಡ.

ಹಂತ 3: ಕಥೆ ಕಟ್ಟುವುದು

ಹೆಚ್ಚಿನವರು ಬರೆದು ತರುವ ಮೊದಲ ಕರಡು ಹೇಗಿರುತ್ತದೆ ಅಂತ ತೋರಿಸಲು ಒಂದು ಮಾದರಿ ಕೊಡುತ್ತೇನೆ. ಇದು ಯಾರೊಬ್ಬರದೂ ಅಲ್ಲ, ಇಲ್ಲಿಗಾಗಿ ಬರೆದದ್ದು.

"ನಾನು ದೊಡ್ಡ ಡ್ರಗ್ ಅಡಿಕ್ಟ್ ಆಗಿದ್ದೆ. ದಿನಕ್ಕೆ ಇಷ್ಟು ಮಾತ್ರೆ ಕರಗಿಸಿ ಕೈಗೆ ಚುಚ್ಚಿಕೊಳ್ಳುತ್ತಿದ್ದೆ. ಇಂಥ ಏರಿಯಾದ ಇಂಥವನು ತಂದು ಕೊಡುತ್ತಿದ್ದ. ಅಮ್ಮನ ಸರ ಅಡ ಇಟ್ಟೆ. ಈಗ ದೇವರ ದಯೆಯಿಂದ ಎಲ್ಲ ಬಿಟ್ಟು ಹೊಸ ಮನುಷ್ಯ ಆಗಿದ್ದೇನೆ."

ನಾಲ್ಕು ವಾಕ್ಯ ನರಕಕ್ಕೆ, ಒಂದೇ ವಾಕ್ಯ ಚೇತರಿಕೆಗೆ. ಅದರಲ್ಲೂ ಚಿಕಿತ್ಸೆ ಎಲ್ಲಿಗೆ ಹೋಯಿತು? ಅಳತೆ, ಕರಗಿಸುವ ವಿಧಾನ, ಸಿಗುವ ಜಾಗ ಇವು ಮೂರೂ ಹೋಗಬೇಕು. ಕೇಳುತ್ತಿರುವವರಲ್ಲಿ ಬಳಸುತ್ತಿರುವವರು ಇದ್ದರೆ ಅದು ಮಾಹಿತಿ ಆಗುತ್ತದೆ, ಬಿಟ್ಟವರು ಇದ್ದರೆ ಸೆಳೆತ ಆಗುತ್ತದೆ. ಹೇಳುವವರ ಬಾಯಲ್ಲೂ ನೀರೂರುತ್ತದೆ, ಇದು ತಮಾಷೆ ಅಲ್ಲ. ಸೂಜಿಯ ವರ್ಣನೆ ಮಾಡುತ್ತಾ ಮಾಡುತ್ತಾ ಮುಖದ ಬಣ್ಣ ಬದಲಾದರೆ ಗಮನಿಸಿ. ತಂದು ಕೊಟ್ಟವನ ವಿಷಯ ಹೇಳುವುದು ಇವರ ಜೀವಕ್ಕೂ ಒಳ್ಳೆಯದಲ್ಲ. ಅಮ್ಮನ ಸರದ ಮಾತಿಗೆ ಅಮ್ಮನ ಒಪ್ಪಿಗೆ ಬೇಕು, ಅದು ಅವರ ಕಥೆಯೂ ಹೌದಲ್ವಾ?

ಈಗ ಅದನ್ನೇ ತಿದ್ದಿ ನೋಡೋಣ.

"ಅಪಘಾತದಲ್ಲಿ ಕಾಲು ಮುರಿದಾಗ ಶುರುವಾದ ನೋವಿನ ಮಾತ್ರೆ ಆಮೇಲೆ ಬಿಡಲು ಆಗಲಿಲ್ಲ. ಸಿಗದ ದಿನ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಎರಡು ಸಲ ನಾನೇ ಬಿಟ್ಟು ನೋಡಿದೆ, ಮತ್ತೆ ಶುರುವಾಯಿತು. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ನನ್ನನ್ನು ಬೈಯಲಿಲ್ಲ. ಈಗ, ದೇವರ ದಯೆ, ಡಾಕ್ಟರ್ ಕೊಟ್ಟ ಔಷಧ ತೆಗೆದುಕೊಳ್ಳುತ್ತೇನೆ, ಗ್ಯಾರೇಜಿಗೆ ಟೈಮಿಗೆ ಸರಿಯಾಗಿ ಹೋಗುತ್ತೇನೆ. ಹೋದ ಸಲ ಹಬ್ಬಕ್ಕೆ ತಂಗಿಗೆ ಸೀರೆ ಕೊಡಿಸಿದೆ."

ಹೇಗೆ ಶುರುವಾಯಿತು, ಏನು ಕಷ್ಟ ಆಯಿತು, ಯಾವ ಬಾಗಿಲು ತಟ್ಟಿದರು, ಈಗಿನ ದಿನ ಹೇಗಿದೆ. ಹೆಚ್ಚು ಹೊತ್ತು ನಿಲ್ಲಬೇಕಾದ್ದು ಕೊನೆಯ ಎರಡರಲ್ಲಿ. ಬಾಗಿಲು ತಟ್ಟಿದ ಭಾಗವನ್ನು ಆದಷ್ಟು ಬಿಡಿಸಿ ಹೇಳಿಸಿ: ಚೀಟಿ ಎಲ್ಲಿ ಮಾಡಿಸಿದರು, ಮೊದಲ ದಿನ ಏನು ಕೇಳಿದರು, ದುಡ್ಡು ಎಷ್ಟು ಖರ್ಚಾಯಿತು, ಮನೆಯವರು ಜೊತೆಗೆ ಬರಲೇಬೇಕಿತ್ತಾ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಲ್ಲಿ ಓಪಿಯಾಯ್ಡ್ ಬಳಕೆಯಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ. ಅವರಲ್ಲಿ ಒಬ್ಬರು ಎದುರಿಗೆ ಕೂತಿದ್ದರೆ ಅವರಿಗೆ ಬೇಕಾದದ್ದು ಈ ವಿವರ. ಬವಣೆ ಅವರಿಗೆ ಗೊತ್ತಿರುವುದೇ.

"ದೇವರ ದಯೆ" ತೆಗೆಸಬೇಡಿ, ಅದು ಅವರ ನಂಬಿಕೆ. ಡಾಕ್ಟರ ಹೆಸರಿಗೆ ಪಕ್ಕದಲ್ಲೇ ಜಾಗ ಕೊಡಿ, ಸಾಕು.

ಹಾಗೆಯೇ "ಅಡಿಕ್ಟ್" ಅನ್ನುವುದನ್ನು ಅವರು ತಮಗೆ ತಾವೇ ಹೇಳಿಕೊಂಡರೆ ನಾವು ತಿದ್ದಲು ಹೋಗಬಾರದು. ಆದರೆ ಪೋಸ್ಟರ್‌ನಲ್ಲಿ, ಪರಿಚಯ ಭಾಷಣದಲ್ಲಿ ನಾವು ಆ ಪದ ಬಳಸಬಾರದು. ಅಮೆರಿಕದ ಜಾನ್ ಕೆಲ್ಲಿ ಮತ್ತು ಕಸಾಂಡ್ರಾ ವೆಸ್ಟರ್‌ಹಾಫ್ 2010ರಲ್ಲಿ ಚಿಕಿತ್ಸೆ ಕೊಡುವವರಿಗೇ ಒಂದೇ ರೋಗಿಯ ವಿವರವನ್ನು ಎರಡು ಬಗೆಯಲ್ಲಿ ಕೊಟ್ಟು ನೋಡಿದ್ದರು. ಒಂದರಲ್ಲಿ "ಮಾದಕ ವ್ಯಸನಿ" ಅನ್ನುವಂಥ ಹಣೆಪಟ್ಟಿ, ಇನ್ನೊಂದರಲ್ಲಿ ಕಾಯಿಲೆ ಇರುವ ವ್ಯಕ್ತಿ ಅಂತ. ಹಣೆಪಟ್ಟಿ ಓದಿದವರೇ ಇವನದೇ ತಪ್ಪು, ಇವನಿಗೆ ಶಿಕ್ಷೆ ಆಗಬೇಕು ಅನ್ನುವ ಕಡೆಗೆ ಜಾಸ್ತಿ ವಾಲಿದರು. ಓದಿ ಕಲಿತ ವೃತ್ತಿಪರರೇ ಹೀಗಾದರೆ ಊರವರ ಕಥೆ ಏನು!

ಹಂತ 4: ಮುಜುಗರದ ಪ್ರಶ್ನೆಗಳಿಗೆ ತಾಲೀಮು

ಇದನ್ನು ಬಿಟ್ಟರೆ ಉಳಿದ ತಯಾರಿ ಎಲ್ಲ ವ್ಯರ್ಥ. ನೀವೇ ಸ್ವಲ್ಪ ಒರಟಾಗಿ ಕೇಳಿ, ಅವರು ಉತ್ತರ ಹೇಳಲಿ.

"ಇನ್ನೂ ಮಾತ್ರೆ ತಿನ್ನುತ್ತಿದ್ದೀಯಲ್ಲ, ಬಿಟ್ಟ ಹಾಗೆ ಹೇಗಾಯಿತು?" — "ಬಿಪಿ ಇರುವವರು ಮಾತ್ರೆ ತೆಗೆದುಕೊಳ್ಳುತ್ತಾರಲ್ಲ, ಹಾಗೆ. ಯಾವಾಗ ಕಡಿಮೆ ಮಾಡಬೇಕು ಅಂತ ಡಾಕ್ಟರ್ ಮತ್ತು ನಾನು ಸೇರಿ ನೋಡುತ್ತೇವೆ."

"ಎಲ್ಲಿ ಸಿಗುತ್ತಿತ್ತು?" — "ಆ ವಿಷಯ ನಾನು ಮಾತಾಡುವುದಿಲ್ಲ."

"ಎಚ್‌ಐವಿ ಟೆಸ್ಟ್ ಮಾಡಿಸಿದ್ದೀಯಾ?" — "ಅದು ನನ್ನ ಮತ್ತು ಡಾಕ್ಟರ ನಡುವಿನ ಮಾತು." ಸೂಜಿ ಬಳಸಿದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ, ತಯಾರಿ ಇಲ್ಲದಿದ್ದರೆ ಬಾಯಿ ಕಟ್ಟುತ್ತದೆ.

"ಮತ್ತೆ ಶುರು ಮಾಡಲ್ಲ ಅಂತ ಏನು ಗ್ಯಾರಂಟಿ?" — "ಗ್ಯಾರಂಟಿ ಇಲ್ಲ. ಇವತ್ತು ಚಿಕಿತ್ಸೆಯಲ್ಲಿದ್ದೇನೆ."

ಉದ್ದ ಉತ್ತರ ಬೇಡ. ಒಂದು ವಾಕ್ಯ ಹೇಳಿ ಸುಮ್ಮನಾಗುವುದನ್ನು ಅಭ್ಯಾಸ ಮಾಡಿಸಿ. ಆ ಮೌನ ತಾಳಲಾರದೆ ಎಲ್ಲವನ್ನೂ ಬಿಚ್ಚಿಡುವವರೇ ಜಾಸ್ತಿ.

ಹಂತ 5: ಕಾನೂನು ಮತ್ತು ಗುಟ್ಟು

ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 27ರಲ್ಲಿ ಮಾದಕ ವಸ್ತು ಸೇವನೆಗೇ ಶಿಕ್ಷೆ ಇದೆ. ಹೆರಾಯಿನ್, ಮಾರ್ಫಿನ್‌ನಂಥವಕ್ಕೆ 1 ವರ್ಷದವರೆಗೆ ಜೈಲು. ಟ್ರಮಡಾಲ್ ಕೂಡ 2018ರಿಂದ ಈ ಕಾಯ್ದೆಯ ಅಡಿಯಲ್ಲಿದೆ. ಅದೇ ಕಾಯ್ದೆಯ 64ಎ ಒಂದು ರಕ್ಷಣೆಯನ್ನೂ ಕೊಡುತ್ತದೆ: ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಸಿಗುತ್ತದೆ. ಆದರೆ ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಅದನ್ನು ಹಿಂದಕ್ಕೆ ಪಡೆಯಬಹುದು. ಸಣ್ಣ ಪ್ರಮಾಣ ಮೀರಿ ಮಾರಿದ, ಸಾಗಿಸಿದ ಮಾತಿಗೆ ಈ ರಕ್ಷಣೆ ಇಲ್ಲ. ಬಾಕಿ ಕೇಸ್ ಇರುವವರು ವಕೀಲರನ್ನು ಕೇಳದೆ ಸಾರ್ವಜನಿಕವಾಗಿ ಬಾಯಿ ಬಿಡಬಾರದು. ಅಷ್ಟೇ.

ಇನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲೇ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳು ಸೇರಿವೆ. ಸೆಕ್ಷನ್ 23 ಗೌಪ್ಯತೆಯ ಹಕ್ಕು ಕೊಡುತ್ತದೆ. ಚಿಕಿತ್ಸೆಯಲ್ಲಿರುವವರ ಫೋಟೋವನ್ನಾಗಲಿ ಬೇರೆ ಮಾಹಿತಿಯನ್ನಾಗಲಿ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಅನ್ನುತ್ತದೆ ಸೆಕ್ಷನ್ 24. ಕೇಂದ್ರದ ಉದ್ಘಾಟನೆ ದಿನ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ವಾಟ್ಸ್ಯಾಪ್ ಗ್ರೂಪಿಗೆ ಹಾಕುವ ಮಹನೀಯರು ಇದನ್ನು ಒಮ್ಮೆ ಓದಲಿ.

ಹೆಸರು ಬದಲಿಸಿದರೆ ಗುರುತು ಸಿಗುವುದಿಲ್ಲ ಅಂದುಕೊಳ್ಳಬೇಡಿ. ಬೆನ್ನು ತಿರುಗಿಸಿ ನಿಂತ ಫೋಟೋದಲ್ಲೂ ಕುತ್ತಿಗೆಯ ಹಚ್ಚೆ ಕಾಣುತ್ತದೆ. ಧ್ವನಿ, ಬೈಕ್ ನಂಬರ್, ಊರಿನ ಹೆಸರು, "ಇಬ್ಬರು ಅಕ್ಕಂದಿರ ಒಬ್ಬನೇ ತಮ್ಮ" ಅನ್ನುವ ಒಂದು ಮಾತು ಸಾಕು. ಬರಹ ಸಿದ್ಧವಾದ ಮೇಲೆ ಅವರನ್ನೇ ಕೇಳಿ: ನಿಮ್ಮ ಊರಿನ ಕಿರಾಣಿ ಅಂಗಡಿಯವರು ಇದನ್ನು ಓದಿದರೆ ನೀವೇ ಅಂತ ಗೊತ್ತಾಗುತ್ತದಾ?

ಒಪ್ಪಿಗೆಯನ್ನು ಕನ್ನಡದಲ್ಲೇ, ಅವರಿಗೆ ಅರ್ಥವಾಗುವ ಹಾಗೆ ಬರೆದುಕೊಳ್ಳಿ: ಏನು ಬಳಸುತ್ತೇವೆ, ಎಲ್ಲಿ, ಎಷ್ಟು ದಿನ, ಬೇಡ ಅನಿಸಿದರೆ ಯಾರಿಗೆ ಹೇಳಬೇಕು. ಪ್ರಕಟಣೆಗೆ ಮುಂಚೆ ಕೊನೆಯ ರೂಪ ತೋರಿಸಿ ಮತ್ತೊಮ್ಮೆ ಕೇಳಿ.

ಹಂತ 6: ಜಾಗ ಆರಿಸುವುದು

ಚಿಕಿತ್ಸೆಯಲ್ಲಿರುವವರದೇ ಗುಂಪು ಎಲ್ಲಕ್ಕಿಂತ ಒಳ್ಳೆಯ ಶುರುವಾತು. ಮೊದಲ ದಿನ ನಡುಗುತ್ತಾ ಬಂದು ಕೂತ ಹೊಸಬರಿಗೆ, ಅದೇ ಬೆಂಚಿನಲ್ಲಿ ಕೂತಿದ್ದವರ ಮಾತಿಗಿಂತ ದೊಡ್ಡ ಧೈರ್ಯ ಇಲ್ಲ. 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, ಮಾದಕ ವಸ್ತು ಬಿಡುವವರೇ ಒಬ್ಬರಿಗೊಬ್ಬರು ನೆರವಾಗುವ ನಾರ್ಕೋಟಿಕ್ಸ್ ಅನಾನಿಮಸ್‌ನ ಸಭೆಗಳು ಬೆಂಗಳೂರಿನಲ್ಲೂ ನಡೆಯುತ್ತವೆ. ಅಲ್ಲಿ ಹೆಸರು ಹೊರಗೆ ಹೋಗಬಾರದು ಅನ್ನುವುದೇ ತಳಪಾಯ. ಒಂದು ಎಚ್ಚರಿಕೆ: ಅವರದು ಪೂರ್ತಿ ಬಿಡುವ ದಾರಿ, ಹಾಗಾಗಿ ಬ್ಯುಪ್ರಿನಾರ್ಫಿನ್ ತೆಗೆದುಕೊಳ್ಳುವವರು ಬಂದು ಕೂರಬಹುದಾದರೂ ಕೆಲವು ಗುಂಪುಗಳಲ್ಲಿ ಅವರಿಗೆ ಮಾತಾಡಲು ಅವಕಾಶ ಇರುವುದಿಲ್ಲ. ಮೊದಲೇ ಕೇಳಿಕೊಂಡು ಹೋಗಿ. ಅಲ್ಲಿ ಯಾರಾದರೂ "ಮಾತ್ರೆ ಬಿಡು" ಅಂದರೆ ಆ ಸಲಹೆ ಅಲ್ಲೇ ಬಿಟ್ಟು ಬನ್ನಿ.

ಶಾಲೆ ಕಾಲೇಜು? ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಬಂದರೆ ಸಾಕು, "ಬಿಟ್ಟವರು ಯಾರಾದರೂ ಇದ್ದರೆ ಕಳಿಸಿ, ಮಕ್ಕಳಿಗೆ ಭಯ ಬರಬೇಕು" ಅಂತ ಫೋನ್ ಬರುತ್ತದೆ. ನನ್ನ ಸಲಹೆ: ಇಲ್ಲ ಅನ್ನಿ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯ ತಡೆಗಟ್ಟುವಿಕೆಯ ಮಾನದಂಡಗಳಲ್ಲಿ, ಶಾಲೆಗಳಲ್ಲಿ ಹಿಂದೆ ಬಳಸುತ್ತಿದ್ದವರಿಂದ ಅನುಭವ ಹೇಳಿಸುವುದು ಮತ್ತು ಹೆದರಿಸುವುದು ಎರಡನ್ನೂ ಫಲ ಕೊಡದ, ಕೆಲವೊಮ್ಮೆ ಕೆಡುಕೇ ಮಾಡುವ ವಿಧಾನಗಳ ಸಾಲಿಗೆ ಸೇರಿಸಿದ್ದಾರೆ. ಯೋಚಿಸಿದರೆ ಆಶ್ಚರ್ಯ ಇಲ್ಲ. ಹದಿನೈದರ ಹುಡುಗನಿಗೆ ಕಾಣುವುದು "ಇವರು ಎಲ್ಲ ಮಾಡಿಯೂ ಚೆನ್ನಾಗೇ ಇದ್ದಾರಲ್ಲ" ಅನ್ನುವುದು. ಅದರ ಬದಲು ಮಕ್ಕಳ ಅಪ್ಪ ಅಮ್ಮಂದಿರು, ಆಶಾ ಕಾರ್ಯಕರ್ತೆಯರು, ಮೆಡಿಕಲ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ಪೊಲೀಸರು ಇವರ ಎದುರು ಮಾತಾಡಲಿ. ಅಲ್ಲಿ ಆ ಮಾತಿಗೆ ಕೆಲಸ ಇದೆ.

ಟಿವಿ, ಯೂಟ್ಯೂಬ್ ಚಾನೆಲ್‌ಗಳು ಅಳುವ ದೃಶ್ಯಕ್ಕೆ ಕಾಯುತ್ತವೆ. ಸಂದರ್ಶನಕ್ಕೆ ಒಪ್ಪಿದರೆ ಸೂಜಿಯ, ಬಿಳಿ ಪುಡಿಯ ಚಿತ್ರ ತೋರಿಸುವುದಿಲ್ಲ ಅಂತ ಮೊದಲೇ ಬರೆಸಿಕೊಳ್ಳಿ, ನೀವೂ ಪಕ್ಕದಲ್ಲಿ ಕೂರಿ. ಹಾಗೆಯೇ ಮಾತಾಡುವವರಿಗೆ ಬಸ್ ಚಾರ್ಜು, ಆ ದಿನದ ಕೂಲಿ ಕೊಡಿ. ಶಾಲು ಹೊದಿಸಿ ಹಾರ ಹಾಕಿದರೆ ಮನೆಯಲ್ಲಿ ಅನ್ನ ಬೇಯುವುದಿಲ್ಲ.

ಹಂತ 7: ಆ ದಿನ, ಮತ್ತು ಆಮೇಲಿನ ದಿನಗಳು

ಡೋಸ್ ತಪ್ಪಿಸಿ ಕಾರ್ಯಕ್ರಮಕ್ಕೆ ಬರಬಾರದು. ಊಟ ಆಗಿರಲಿ. ಸಾಕು ಅನಿಸಿದರೆ ಕೊಡಬೇಕಾದ ಒಂದು ಸನ್ನೆ ಮೊದಲೇ ಮಾತಾಡಿಕೊಂಡಿರಿ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ನೀವು ಎದ್ದು ಮೈಕ್ ತೆಗೆದುಕೊಳ್ಳುತ್ತೀರಿ, ಅಂಥದ್ದೇನಾದರೂ.

ಚಪ್ಪಾಳೆ ಮುಗಿದ ಮೇಲೆ ಒಬ್ಬರನ್ನೇ ಬಸ್ ಹತ್ತಿಸಬೇಡಿ. ಕೆದಕಿದ ನೆನಪುಗಳು ಮೇಲೆ ಬರುವುದು ರಾತ್ರಿ ಹೊತ್ತಲ್ಲಿ. ಅವತ್ತು ಸಂಜೆ ಒಂದು ಫೋನ್ ಮಾಡಿ, ಮರುದಿನ ಮತ್ತೆ ಒಂದು. "ಚೆನ್ನಾಗಿ ಮಾತಾಡಿದಿರಿ" ಅಂತ ಹೊಗಳುವುದಕ್ಕಿಂತ "ನಿದ್ದೆ ಬಂತಾ? ತೆಗೆದುಕೊಳ್ಳಬೇಕು ಅನಿಸಿತಾ?" ಅಂತ ನೇರವಾಗಿ ಕೇಳಿ. ಹೌದು ಅಂದರೆ ಗಾಬರಿ ಬೀಳಬೇಡಿ, ಡಾಕ್ಟರಿಗೆ ತಿಳಿಸಿ. ಡೋಸ್ ಸಾಲುತ್ತಿಲ್ಲದಿರಬಹುದು. ಮಾತಾಡುವವರಿಗೆ ಬೇರೆಯವರು ಫೋನ್ ಮಾಡಿ ತಮ್ಮ ಕಷ್ಟ ಹೇಳಿಕೊಳ್ಳಲು ಶುರು ಮಾಡುತ್ತಾರೆ, ಅದೂ ಅರ್ಧರಾತ್ರಿಯಲ್ಲಿ. ಆ ಭಾರವೆಲ್ಲ ಇವರೇ ಹೊರಬೇಕಿಲ್ಲ. ಕೇಂದ್ರ ಸರ್ಕಾರದ ವ್ಯಸನ ಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎರಡೂ ನಂಬರ್ ಅವರ ಫೋನ್‌ನಲ್ಲಿ ಸೇವ್ ಮಾಡಿಸಿ, ಬಂದ ಕರೆಗಳನ್ನು ಅತ್ತ ಕಳಿಸುವುದನ್ನು ಹೇಳಿಕೊಡಿ.

ಕೊನೆಗೆ ಎಲ್ಲರೂ ಹೆದರುವ ಪ್ರಶ್ನೆ: ಊರಿಗೆಲ್ಲ ಹೇಳಿದ ಮೇಲೆ ಮತ್ತೆ ಜಾರಿದರೆ? ಈ ಕಾಯಿಲೆಯಲ್ಲಿ ಇದು ಆಗುವಂಥದ್ದೇ. ಅಪಾಯ ಇರುವುದು ನಾಚಿಕೆಯಲ್ಲಿ. ಹೋದ ತಿಂಗಳು ವೇದಿಕೆ ಮೇಲೆ ನಿಂತವನಿಗೆ ಈ ತಿಂಗಳು ಅದೇ ಆಸ್ಪತ್ರೆಗೆ ಹೋಗಲು ಮುಖ ಇರುವುದಿಲ್ಲ, ಒಬ್ಬನೇ ಬಾಗಿಲು ಹಾಕಿಕೊಂಡು ತೆಗೆದುಕೊಳ್ಳುತ್ತಾನೆ. ಓವರ್‌ಡೋಸ್ ಆದರೆ ನೋಡುವವರೂ ಇರುವುದಿಲ್ಲ. ಅದಕ್ಕೇ ಮೈಕ್ ಹಿಡಿಯುವ ಮುಂಚೆಯೇ ಈ ಮಾತು ಆಗಿಬಿಡಲಿ: ಜಾರಿದರೆ ಮೊದಲ ಫೋನ್ ಯಾರಿಗೆ, ವಿಡಿಯೋ ಇದ್ದರೆ ಯಾರು ತೆಗೆಸುತ್ತಾರೆ, ಚಿಕಿತ್ಸೆಗೆ ಯಾರ ಜೊತೆ ವಾಪಸ್ ಬರುತ್ತಾರೆ. ಮನೆಯವರಿಗೂ ಹೇಳಿಕೊಡಿ. ಎಬ್ಬಿಸಿದರೆ ಏಳುತ್ತಿಲ್ಲ, ಉಸಿರು ನಿಧಾನವಾಗಿದೆ, ತುಟಿ ನೀಲಿಯಾಗಿದೆ ಅಂದರೆ ಕೂಡಲೇ 108ಕ್ಕೆ ಕರೆ ಮಾಡಿ, ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಏನು ತೆಗೆದುಕೊಂಡಿದ್ದಾರೆ ಅಂತ ಆಸ್ಪತ್ರೆಯವರಿಗೆ ಮುಚ್ಚಿಡದೆ ಹೇಳಿ. ನಲಾಕ್ಸೋನ್ ಇಂಜೆಕ್ಷನ್ ಕೊಡಬೇಕಾದರೆ ಅವರಿಗೆ ಅದು ಗೊತ್ತಾಗಬೇಕು.